ಯಂತ್ರ ಬಂದಿದೆ, ಕಲಿಸುವವರನ್ನು ಕೊಡಿ: ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತೇನೆ. ಲೇಥ್, ವೆಲ್ಡಿಂಗ್, ಬೋಟಿನ ಶಾಫ್ಟ್ ರಿಪೇರಿ, ಗೇರುಬೀಜ ಫ್ಯಾಕ್ಟರಿಗಳ ಬಿಡಿಭಾಗ, ಇಂಥ ಕೆಲಸ. ನನ್ನ ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಖಾಲಿ ಇರುವ ಬೋಧಕರ ಹುದ್ದೆಗಳಿಗೆ ಕಾಯಂ ನೇಮಕ ಮಾಡಿಸಿ. ಅಲ್ಲಿನ ಯಂತ್ರಗಳನ್ನು ಸಂಜೆ ಹೊತ್ತು ದುಡಿಯುವವರಿಗೂ ಬಿಟ್ಟುಕೊಡಿ.

ನಮ್ಮದನ್ನು ಬುದ್ಧಿವಂತರ ಜಿಲ್ಲೆ ಎನ್ನುತ್ತಾರೆ. ಬುದ್ಧಿ ಎಲ್ಲ ಜಿಲ್ಲೆಯಲ್ಲೂ ಇದೆ. ಇಲ್ಲಿ ಅದಕ್ಕೆ ದಾರಿ ಸಿಕ್ಕಿತು. 1906ರಲ್ಲಿ ಈಗಿನ ಕೆನರಾ ಬ್ಯಾಂಕನ್ನು ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈಗಳಂಥವರ ಸಾಹಸ ದೊಡ್ಡದು, ನಿಜ. ಆದರೆ ಹಳ್ಳಿಯ ಬಡವರ ಮನೆ ಬದಲಾದದ್ದು ಸರ್ಕಾರದ ತೀರ್ಮಾನದಿಂದ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂತು. ಚಾಲಗೇಣಿ ಒಕ್ಕಲುಗಳು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾಗಿದ್ದ ಗೇಣಿದಾರರು, ಡಿಕ್ಲರೇಷನ್ ಅರ್ಜಿ ಕೊಟ್ಟು ಜಮೀನಿನ ಒಡೆಯರಾದರು. ಗೇಣಿ ಅಕ್ಕಿ ಧಣಿಗಳ ಮನೆಗೆ ಹೋಗುವುದು ನಿಂತಿತು. ಆ ಮನೆಗಳ ಎಷ್ಟೋ ಮಕ್ಕಳು ಅರ್ಧಕ್ಕೆ ಶಾಲೆ ಬಿಡದೆ ಮುಂದೆ ಓದಿದರು. ಇವತ್ತು ಬ್ಯಾಂಕು, ಆಸ್ಪತ್ರೆ, ಗಲ್ಫಿನ ಕಂಪನಿಗಳಲ್ಲಿ ನಮ್ಮೂರಿನವರು ಇಷ್ಟು ಜನ ಇದ್ದಾರಲ್ಲ, ಅದಕ್ಕೆ ಆ ಕಾನೂನೂ ಒಂದು ದೊಡ್ಡ ಕಾರಣ ಎಂದೇ ನಾನು ನಂಬಿದ್ದೇನೆ.

1960ರಲ್ಲಿ ಸುರತ್ಕಲ್‌ಗೆ ಕೆಆರ್‌ಇಸಿ ಎಂಜಿನಿಯರಿಂಗ್ ಕಾಲೇಜು ಬಂತು, ಈಗಿನ ಎನ್‌ಐಟಿಕೆ. 1969ರಲ್ಲಿ ಮೀನುಗಾರಿಕಾ ಕಾಲೇಜು, 1974ರಲ್ಲಿ ಪಣಂಬೂರಿನ ಬಂದರು. ಕೆಆರ್‌ಇಸಿಗೂ ಬಂದರಿಗೂ ದಿಲ್ಲಿಯಲ್ಲಿ ಪಟ್ಟು ಹಿಡಿದವರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಬಂದರು ಇಲ್ಲದಿದ್ದರೆ ಇವತ್ತು ನಮ್ಮ ಬೈಕಂಪಾಡಿ ಹೀಗಿರುತ್ತಿರಲಿಲ್ಲ.

ಈಗಿನ ಸರ್ಕಾರಗಳು ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದರು. ಹೊಸ ಕಾಲದ ಯಂತ್ರಗಳು ಬಂದವು. ಒಳ್ಳೆ ಕೆಲಸ. ಆದರೆ ಕಲಿಸುವವರು ಬೇಕಲ್ವಾ? ಕಾಯಂ ಬೋಧಕರ ಜಾಗದಲ್ಲಿ ಅತಿಥಿ ಬೋಧಕರು ಇರುತ್ತಾರೆ. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಹೊಸ ಯಂತ್ರ ಕೈಗೆ ಒಗ್ಗುವಷ್ಟರಲ್ಲಿ ಬೇರೆ ಕಡೆ ಹೋಗಿಬಿಡುತ್ತಾರೆ.

ನನ್ನ ಹತ್ತಿರ ಕೆಲಸಕ್ಕೆ ಬರುವ ಹುಡುಗರು ಚುರುಕು. ಡ್ರಾಯಿಂಗ್ ಓದುತ್ತಾರೆ, ಅಳತೆ ಸರಿಯಾಗಿ ಹಿಡಿಯುತ್ತಾರೆ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದ ಮುಂದೆ ನಿಲ್ಲಿಸಿದರೆ, "ತೋರಿಸಿದ್ದಾರೆ ಸರ್, ನಾವು ಮುಟ್ಟಲಿಲ್ಲ" ಅನ್ನುತ್ತಾರೆ. ಮೊದಲಿಂದ ನಾನೇ ಕಲಿಸಬೇಕು. ಕಲಿಸಿ ಮುಗಿಯುವಷ್ಟರಲ್ಲಿ ಪೀಣ್ಯದಿಂದ ಫೋನ್ ಬರುತ್ತದೆ, ಹುಡುಗ ಬೆಂಗಳೂರಿನ ಬಸ್ ಹತ್ತುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅಲ್ಲಿ ಸಂಬಳ ಜಾಸ್ತಿ. ನಷ್ಟ ಆಗುವುದು ಊರಿಗೆ. ಟ್ರಾಲ್ ಬೋಟಿಗೆ ಹಗುರದ ವಿಂಚ್, ಸಣ್ಣ ಗೇರು ಘಟಕಕ್ಕೆ ಸಿಪ್ಪೆ ಬಿಡಿಸುವ ಯಂತ್ರ ಮಾಡಿಕೊಡಿ ಎಂದು ಜನ ಕೇಳಿಕೊಂಡು ಬರುತ್ತಾರೆ. ಹೇಗೆ ಮಾಡಬೇಕು ಎಂಬ ಯೋಚನೆ ನಮ್ಮ ತಲೆಯಲ್ಲಿ ಇದೆ. ಪಳಗಿದ ಕೈ ನಾಲ್ಕು ಇಲ್ಲದೆ ಮಾಡಿ ನೋಡುವುದು ಹೇಗೆ? 'ಬಿಯಾಂಡ್ ಬೆಂಗಳೂರು' ಹೆಸರಲ್ಲಿ ಮಂಗಳೂರಿಗೆ ಐಟಿ, ಸ್ಟಾರ್ಟಪ್ ತರುವ ಪ್ರಯತ್ನ ನಡೆದಿದೆ. ಬರಲಿ, ಸಂತೋಷ. ಲೇಥ್ ಮುಂದೆ ನಿಂತವನಿಗೆ ಹೊಳೆಯುವ ಹೊಸ ವಿಚಾರಕ್ಕೂ ಆ ನೀತಿಯಲ್ಲಿ ಜಾಗ ಇರಲಿ.

ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿನ ಇಂಜಿನ್ ನೋಡಿಕೊಳ್ಳುವವರು ಆಗ ದಡದಲ್ಲಿ ಇರುತ್ತಾರೆ. ಇಂಜಿನ್, ವೆಲ್ಡಿಂಗ್, ಮೀನು ಕೆಡದಂತೆ ಇಡುವ ಶೀತಲ ವ್ಯವಸ್ಥೆ, ಇವುಗಳ ಸಣ್ಣ ಕೋರ್ಸ್ ನಡೆಸಲು ಇದಕ್ಕಿಂತ ಒಳ್ಳೆ ಸಮಯ ಯಾವುದು? ಕೆಲಸ ಬಿಟ್ಟು ಯಾರೂ ಕಲಿಯಲು ಬರುವುದಿಲ್ಲ, ಬಿಡುವಿದ್ದಾಗ ಖಂಡಿತ ಬರುತ್ತಾರೆ.

ತೊಡಕು ಎಲ್ಲಿದೆ ಅಂದರೆ, ಐಟಿಐ ಒಂದು ಇಲಾಖೆಗೆ ಸೇರಿದ್ದು, ಪಾಲಿಟೆಕ್ನಿಕ್ ಇನ್ನೊಂದಕ್ಕೆ. ಮೀನುಗಾರಿಕಾ ಕಾಲೇಜು ಬೀದರ್‌ನ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಎನ್‌ಐಟಿಕೆ ಕೇಂದ್ರದ್ದು. ಇವರನ್ನೆಲ್ಲ ಒಟ್ಟಿಗೆ ಕೂರಿಸುವ ಅಧಿಕಾರ ಜಿಲ್ಲೆಯಲ್ಲಿ ನಿಮಗೆ ಇದೆ. ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಗೆ ಇವರನ್ನು ಕರೆಯಿರಿ. ಎಷ್ಟು ಹುದ್ದೆ ಖಾಲಿ, ಯಾವ ಯಂತ್ರ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿ. ಆ ಲೆಕ್ಕವನ್ನು ಜನರ ಮುಂದೆಯೂ ಇಡಿ.

ನಮ್ಮಂಥ ಸಣ್ಣ ವರ್ಕ್‌ಶಾಪಿನವರನ್ನೂ ಕರೆದರೆ ಬರುತ್ತೇವೆ. ಸಂಜೆ ತರಗತಿಗೆ ಅನುಭವಿ ಟರ್ನರ್, ವೆಲ್ಡರ್‌ಗಳನ್ನು ಕಳುಹಿಸಿಕೊಡುತ್ತೇವೆ. ಯಂತ್ರ ಬಳಸಿದ್ದಕ್ಕೆ ಬಾಡಿಗೆ ಕೊಡಲೂ ತಯಾರಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಬೈಕಂಪಾಡಿಯ ಒಬ್ಬ ವರ್ಕ್‌ಶಾಪ್ ಮಾಲೀಕ