ಟೊಂಕದ ಬ್ಯಾನಿ ಟೊಂಕದಾಗಷ್ಟ ಇರೂದಿಲ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಆರೋಗ್ಯದ ಪುಟದಾಗ ಬೆನ್ನು ನೋವಿಗೆ ಯಾವ ಆಸನ ಮಾಡ್ಬೇಕು ಅಂತ ಫೋಟೋ ಸಮೇತ ಬಂದಿತ್ತು, ಚೊಲೋ ಇತ್ತು, ಕತ್ತರಿಸಿ ಇಟಗೊಂಡೀನಿ. ಆದ್ರ ಅದರಾಗ ಗುಳಗಿ ಬಗ್ಗೆ ಒಂದ ಮಾತೂ ಇರಲಿಲ್ಲ, ಅದಕ್ಕ ಈ ಪತ್ರ ಬರ್ಯಾಕತ್ತೀನಿ. ನಮ್ಮ ಕಡೆ ಟೊಂಕ ಬ್ಯಾನಿ ಅಂದ್ರ ಮಂದಿ ಮೊದ್ಲು ಹೋಗೂದು ದವಾಖಾನಿಗೆ ಅಲ್ರಿ, ಮೆಡಿಕಲ್ ಅಂಗಡಿಗೆ.

ನಮ್ಮದು ಇಳಕಲ್ಲಿನ ನೇಕಾರ ಮನಿ. ನಮ್ಮ ಮನಿಯವರು 26 ವರ್ಷದಿಂದ ಗುಂಡಿ ಮಗ್ಗದಾಗ ಸೀರಿ ನೇಯ್ತಾರ. ಗುಂಡಿ ಮಗ್ಗ ನೋಡಿದವ್ರಿಗೆ ಗೊತ್ತಿರ್ತೈತಿ, ಕಾಲು ಕುಣಿಯೊಳಗ ಇಳಿಬಿಟ್ಟು ನೆಲದ ಮಟ್ಟಕ್ಕ ಕುಂತು, ಕೆಳಗ ಹಲಗಿ ತುಳೀತಾ ಮ್ಯಾಲ ಲಾಳಿ ಹೊಡೀಬೇಕು, ಬೆನ್ನು ಯಾವಾಗ್ಲೂ ಮುಂದ ಬಗ್ಗೇ ಇರ್ತೈತಿ, ಸೀರಿ ಒಡಲಿನ ಉದ್ದ ಎಳಿಗೆ ಸೆರಗಿನ ಉದ್ದ ಎಳಿ ಕೊಂಡಿ ಹಾಕಿ ಕೂಡಿಸುವಾಗಂತೂ ಇನ್ನಷ್ಟು ಬಗ್ಗಬೇಕು. ಸಂಜಿಗೆ ಅವ್ರು ಏಳೂದು ನೋಡಬೇಕ್ರಿ. ಎರಡೂ ಕೈಲೆ ಮಗ್ಗದ ಕಟ್ಟಿಗಿ ಹಿಡದು ಅರ್ಧ ಏಳ್ತಾರ, ಅಲ್ಲೇ ನಿಲ್ತಾರ, ಕಣ್ಣು ಮುಚ್ಚಿ ಉಸಿರು ಹಿಡಿತಾರ, ಮಗಳು ರಟ್ಟಿ ಹಿಡದು ಎತ್ತಿದ್ರನ ಮ್ಯಾಲ ಬರೂದು. ಅಕಿ ಎಂಟನೇತ್ತ ಹುಡುಗಿ, ಓದೂದು ಬಿಟ್ಟು ಆ ಹೊತ್ತಿಗೆ ಸರಿಯಾಗಿ ಬಂದು ಕುಣಿ ಹತ್ರ ನಿಂತಿರ್ತಿದ್ಲು, ಯಾರೂ ಕರೀತಿರಲಿಲ್ಲ.

ಎರಡೂವರಿ ವರ್ಷ ಅವ್ರು ದಿನಾ ಗುಳಗಿ ನುಂಗ್ಯಾರ. ಮೊದ್ಲು ಒಂದು, ಆಮ್ಯಾಲ ಬೆಳಿಗ್ಗೆ ಒಂದು ರಾತ್ರಿ ಒಂದು, ಸೀರಿ ಅರ್ಜೆಂಟ್ ಕೊಡೂದಿದ್ರ ಮಧ್ಯಾಹ್ನಕ್ಕೂ ಒಂದು. ಡಾಕ್ಟರ್ ಚೀಟಿ ಯಾರೂ ಕೇಳಲಿಲ್ಲ. ಕಸ ಹೊಡಿವಾಗ ಮಗ್ಗದ ಬುಡಕ ಖಾಲಿ ಆದ ಬೆಳ್ಳಿ ಹಾಳಿ ಸಿಗ್ತಿದ್ವು, ನಾನೂ ಹೊಡದು ಹೊರಗ ಹಾಕ್ತಿದ್ನಿ, ಇದರಿಂದ ಏನಾಗ್ತೈತಿ ಅಂತ ನನಗೂ ಗೊತ್ತಿರಲಿಲ್ಲ. ಒಂದಿನ ತಲಿ ತಿರುಗಿ ಬಿದ್ದಾಗ ದವಾಖಾನಿಗೆ ಒಯ್ದ್ವಿ, ಬಿಪಿ 170/110 ಇತ್ತು, ರಕ್ತ ಪರೀಕ್ಷಾ ಮಾಡಿಸಿದ್ರ ಕ್ರಿಯೇಟಿನಿನ್ 1.9, ಅಂದ್ರ ಕಿಡ್ನಿ ಹೆಂಗ ಕೆಲಸ ಮಾಡ್ತೈತಿ ಅಂತ ತೋರಸೂ ಲೆಕ್ಕ, ಅದು ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಡಾಕ್ಟರು "ನೋವಿನ ಗುಳಗಿ ಏನರ ತೊಗೊಂತೀರೇನು?" ಅಂತ ಕೇಳಿದ್ರು, ಇವ್ರು ಇಲ್ಲ ಅಂದ್ಬಿಟ್ರು! ಅವ್ರ ಅಂಗಿ ಕಿಸೆದಾಗಿಂದ ಪಟ್ಟಿ ತೆಗದು ಟೇಬಲ್ ಮ್ಯಾಲ ಇಟ್ಟಾಕಿ ನಾನ.

ಅವತ್ತ ತಿಳೀತು ನನಗ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಗುಳಗಿ ನಾಕು ದಿನಕ್ಕ ಡಾಕ್ಟರ್ ಹೇಳಿ ಕೊಟ್ರ ಬ್ಯಾರೆ ಮಾತು, ವರ್ಷಗಟ್ಟಲೆ ನುಂಗಿದ್ರ ಹೊಟ್ಟ್ಯಾಗ ಹುಣ್ಣಾಗಿ ರಕ್ತ ಹೋಗಬಹುದು, ಬಿಪಿ ಏರ್ತೈತಿ, ಕಿಡ್ನಿಗೆ ಹೋಗೂ ರಕ್ತ ಕಡಿಮಿ ಆಗಿ ಅದು ಒಳಗೊಳಗ ಕೆಡ್ತೈತಿ, ಹಿಂಗ ಕಿಡ್ನಿ ಕೆಟ್ರ ಸಾಮಾನ್ಯವಾಗಿ ಬ್ಯಾನಿ ಇರೂದಿಲ್ಲ ಹಂಗಾಗಿ ಗೊತ್ತೂ ಆಗೂದಿಲ್ಲ. ಇನ್ನ ಕೆಲವ್ರು ಹೆಸರಿಲ್ಲದ ಪುಡಿ, ಬಿಡಿ ಗುಳಗಿ ಕಾಗದದಾಗ ಕಟ್ಟಿಸ್ಕೊಂಡು ಬರ್ತಾರ, ಅದರಾಗ ಸ್ಟಿರಾಯ್ಡ್ ಇದ್ರ ನೋವೇನೋ ಬೇಗ ಇಳೀತೈತಿ ಆದ್ರ ಶುಗರ್ ಏರಿ ಎಲುಬು ಪೊಳ್ಳಾಗ್ತಾವ.

ಇದಕ್ಕಿಂತ ನನ್ನ ಕಾಡಿದ್ದು ಅವ್ರ ಮನಸು. ರಾತ್ರಿ ಮಗ್ಗಲು ಬದಲಿಸಿದ್ರ ಸಾಕು ಎಚ್ಚರಾಗ್ತಿದ್ರು, ನಿದ್ದಿ ಇಲ್ದ ನೋವು ಹೆಚ್ಚು, ನೋವಿಗೆ ಮತ್ತ ನಿದ್ದಿ ಇಲ್ಲ. ಜಾತ್ರಿಗೆ ಬರಲಿಲ್ಲ, ಮದುವಿಗೆ ಬರಲಿಲ್ಲ, ಮಗಳ ಮ್ಯಾಲ ಸಿಟ್ಟು ಮಾಡೂದು, ಆಮ್ಯಾಲ ಗ್ವಾಡಿ ಕಡೆ ಮುಖ ಮಾಡಿ ಮಲಗೂದು. ನಾನು ಕುಣಿಗೆ ಬಿದ್ದು ಹೋಗೇನಿ ಅಂತ ಒಮ್ಮೆ ಅಂದ್ರು, ಆ ಮಾತು ಇನ್ನೂ ಕಿವಿಯಾಗೈತಿ. ಬ್ಯಾನಿ ಮೂರು ತಿಂಗಳು ದಾಟಿದ್ರ ಅದು ಬರೀ ಬೆನ್ನಿನ ಸುದ್ದಿ ಅಲ್ಲ, ನಿದ್ದಿ, ಮನಸು, ದುಡಿಮಿ ಎಲ್ಲಾ ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೂ 2023ರ ಡಿಸೆಂಬರ್‌ದಾಗ ಹೇಳೈತಿ. ಟೊಂಕದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನು ಜಗ್ಗೂ ಚಿಕಿತ್ಸಾ) ಎಲ್ಲಾರಿಗೂ ರೂಢಿಗೆ ಕೊಡಬ್ಯಾಡ್ರಿ, ವ್ಯಾಯಾಮ ಮಾಡಿಸ್ರಿ, ರೋಗಿಗೆ ತಿಳಿಸಿ ಹೇಳ್ರಿ ಅಂತೈತಿ ಅದು. 2020ರಾಗ ಜಗತ್ತಿನ್ಯಾಗ 61.9 ಕೋಟಿ ಮಂದಿಗೆ ಟೊಂಕ ಬ್ಯಾನಿ ಇತ್ತಂತ, ಅದರಾಗ ನಮ್ಮ ಓಣಿ ಮಂದಿನೂ ಇದ್ದಾರ.

ಇಲ್ಲೊಂದು ಮಾತು ಹೇಳಲೇಬೇಕು. ಉಚ್ಚಿ ಕಟ್ಟಿದ್ರ, ಇಲ್ಲ ಗೊತ್ತಿಲ್ದ ಹೋದ್ರ, ಕುಂಡ್ರೂ ಜಾಗ ಜೋಮು ಹಿಡದ್ರ, ಕಾಲಿನ ಶಕ್ತಿ ಹೋದ್ರ ಅದೇ ದಿನ ದೊಡ್ಡ ದವಾಖಾನಿಗೆ ಓಡ್ರಿ. ಜ್ವರ ಬಂದು ತೂಕ ಇಳಿದ್ರೂ ತಡ ಮಾಡಬ್ಯಾಡ್ರಿ, ಬೆನ್ನೆಲುಬಿಗೂ ಟಿಬಿ ಬರ್ತೈತಿ.

ನಮ್ಮ ಮನಿಯವರು ಈಗ ಆ ಗುಳಗಿ ಬಿಟ್ಟಾರ, ಕ್ರಿಯೇಟಿನಿನ್ 1.4ಕ್ಕ ಇಳದೈತಿ. ಬಾಗಲಕೋಟಿಗೆ ಮೂರು ಸಲ ಹೋಗಿ ಫಿಸಿಯೋಥೆರಪಿ ಕಲ್ತು ಬಂದ್ರು, ಹೋದಾಗೆಲ್ಲಾ ಒಂದು ದಿನದ ಕೂಲಿ ಹೋತು, ಬಸ್ ಚಾರ್ಜ್ ಬ್ಯಾರೆ. ಕುಂಡ್ರೂ ಹಲಗಿ ನಾಕು ಇಂಚು ಎತ್ತರ ಮಾಡಿಸೀವಿ, ಮುಕ್ಕಾಲು ತಾಸಿಗೊಮ್ಮೆ ಎದ್ದು ನಳದ ತನಕ ಅಡ್ಡಾಡಿ ಬರ್ತಾರ. ಬ್ಯಾನಿ ಪೂರಾ ಹೋಗಿಲ್ಲ, ಆದ್ರ ರಾತ್ರಿ ಮಲಗ್ತಾರ.

ಅದಕ್ಕ ಆರೋಗ್ಯ ಇಲಾಖೆಯವ್ರಿಗೆ ನನ್ನ ವಿನಂತಿ, ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಇಂಥಾ ನೇಕಾರರ ಊರಿಗೆ ವಾರಕ್ಕೊಂದು ದಿನ ಆದ್ರೂ ಫಿಸಿಯೋಥೆರಪಿಸ್ಟ್ ಕಳಸ್ರಿ. 30 ವರ್ಷ ದಾಟಿದವ್ರಿಗೆ ಬಿಪಿ ಶುಗರ್ ಹೆಂಗೂ ಪುಕ್ಕಟೆ ನೋಡ್ತೀರಿ, ಆವಾಗ "ಬ್ಯಾನಿ ಗುಳಗಿ ಎಷ್ಟು ದಿನದಿಂದ ನುಂಗ್ತೀ?" ಅಂತ ಒಂದು ಮಾತು ಕೇಳ್ರಿ, ಭಾಳ ದಿನದಿಂದ ಅಂದ್ರ ಕ್ರಿಯೇಟಿನಿನ್ ಪರೀಕ್ಷಾ ಮಾಡಸ್ರಿ. ಮನಸಿಗೆ ಭಾಳ ಕಷ್ಟ ಆದವ್ರು ಸರಕಾರದ ಮನಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗೇ ಮಾತಾಡ್ತಾರ, ದುಡ್ಡಿಲ್ಲ. ಸಂಪಾದಕರೇ, ನಿಮ್ಮ ಜಿಲ್ಲಾ ಪುಟದಾಗ ಫಿಸಿಯೋಥೆರಪಿ ಯಾವ ಸರಕಾರಿ ದವಾಖಾನಿಯೊಳಗ ಯಾವ ದಿನ ಸಿಗ್ತೈತಿ ಅನ್ನೂದನ್ನ ಸಣ್ಣ ಅಕ್ಷರದಾಗಾದ್ರೂ ಹಾಕ್ರಿ, ಅದನ್ನೂ ಕತ್ತರಿಸಿ ಓಣಿಯೊಳಗ ಹಚ್ತೀನಿ.

ಇಂತಿ,
ನೇಕಾರ ಮನಿ ಹೆಣ್ಮಗಳು, ಇಳಕಲ್