ಮಗಳಿಗೊಂದು ಪತ್ರ: ಫೋರ್ತ್‌ಲಿನ್ ರಸ್ತೆಯ ಅಡುಗೆಮನೆ

ಮ್ಯಾಂಚೆಸ್ಟರ್
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಊಟ ಆಯ್ತು. ನಿನ್ನ ಚಿಕ್ಕಪ್ಪ, ಚಿಕ್ಕಮ್ಮ ಮಲಗಿದರು. ಫೋನ್ ಮಾಡೋಣ ಅಂತ ಎರಡು ಸಲ ನಿನ್ನ ನಂಬರ್ ತೆಗೆದೆ. ಅಲ್ಲಿ ಈಗ ನಡುರಾತ್ರಿ ದಾಟಿದೆ. ಹಗಲಾಗಿದ್ದರೂ ಇದನ್ನು ಫೋನಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಲಿವರ್‌ಪೂಲಿಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಕೆಲಸ ಇತ್ತು, ನನ್ನನ್ನು ಅಲ್ಲಿವರೆಗೆ ಬಿಟ್ಟು ಸಂಜೆ ಮತ್ತೆ ಬಂದ. ಅಲ್ಲಿ ಬೀಟಲ್ಸ್ ಬ್ಯಾಂಡಿನ ಹುಡುಗರು ಬೆಳೆದ ಎರಡು ಮನೆಗಳನ್ನು ತೋರಿಸುವ ಟೂರ್ ಇದೆ. ಜಾನ್ ಲೆನನ್ ಮನೆ ಒಂದು, ಪಾಲ್ ಮೆಕಾರ್ಟ್ನಿ ಮನೆ ಒಂದು. ಎರಡನ್ನೂ ನ್ಯಾಷನಲ್ ಟ್ರಸ್ಟ್‌ನವರು ನೋಡಿಕೊಳ್ಳುತ್ತಾರೆ. ಹಳೆಯ ಅರಮನೆ, ಬಂಗಲೆ, ತೋಟಗಳನ್ನು ಕಾಪಾಡುವ ಸಂಸ್ಥೆ ಅದು. ಸುಮ್ನೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ. ಮೊದಲೇ ಟಿಕೆಟ್ ತೆಗೆದುಕೊಂಡಿರಬೇಕು. ಸಣ್ಣ ಬಸ್ಸಿನಲ್ಲಿ ಅವರೇ ಕರೆದುಕೊಂಡು ಹೋಗುತ್ತಾರೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಹಾಗಾಗಿ ನಿನಗೆ ಕಳಿಸಲು ನನ್ನ ಹತ್ತಿರ ಒಂದು ಚಿತ್ರವೂ ಇಲ್ಲ, ಈ ಕಾಗದವೇ ಇರೋದು.

ಟಿಕೆಟ್ ತೆಗೆಸಿದ್ದು ನಿನಗೋಸ್ಕರ. ನನಗೆ ಬೀಟಲ್ಸ್ ಅಂದರೆ ನಿನ್ನ ರೂಮಿನ ಮುಚ್ಚಿದ ಬಾಗಿಲು. ನಿನ್ನ ಹತ್ತನೇ ತರಗತಿಯ ವರ್ಷ ಆ ಬಾಗಿಲ ಹಿಂದೆ ಕೇಳುತ್ತಿದ್ದ ಹಾಡುಗಳು. ಮಗಳು ಇಷ್ಟು ಹಚ್ಚಿಕೊಂಡಿದ್ದವರ ಮನೆ ಹೇಗಿದೆ ನೋಡಿ ಬಂದು ಹೇಳೋಣ ಅಂದುಕೊಂಡಿದ್ದೆ. ಅಷ್ಟೇ ಇದ್ದದ್ದು ನನ್ನ ಮನಸ್ಸಿನಲ್ಲಿ.

ಮೊದಲು ಲೆನನ್ ಮನೆ. ಮೆನ್‌ಲವ್ ಅವೆನ್ಯೂ ಅನ್ನುವ ಅಗಲವಾದ ರಸ್ತೆಯಲ್ಲಿ 251ನೇ ನಂಬರ್. ಮನೆಗೆ ಮೆಂಡಿಪ್ಸ್ ಅಂತ ಹೆಸರು. 1933ರಲ್ಲಿ ಕಟ್ಟಿದ್ದು. ಅವನು ಬಡವರ ಮನೆ ಹುಡುಗ ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ಮುಂದೆ ತೋಟ, ಕಿಟಕಿಗೆ ಬಣ್ಣದ ಗಾಜು, ಅಚ್ಚುಕಟ್ಟಾದ ಮಧ್ಯಮ ವರ್ಗದ ಮನೆ. ಐದು ವರ್ಷದ ಹುಡುಗನಾಗಿದ್ದಾಗ ದೊಡ್ಡಮ್ಮ ಮಿಮಿಯ ಹತ್ತಿರ ಬಂದವನು 1963ರವರೆಗೂ ಅಲ್ಲೇ ಇದ್ದ. ಅವನ ರೂಮು ಮುಂಬಾಗಿಲ ಮೇಲಿನ ಪುಟ್ಟ ಕೋಣೆ. ಒಂದು ಮಂಚ ಹಾಕಿದರೆ ಓಡಾಡಲು ಜಾಗ ಇಲ್ಲ.

ಗಿಟಾರ್ ಸದ್ದು ತಡೆಯಲಾರದೆ ಮಿಮಿ ಅವನನ್ನು ಮುಂಬಾಗಿಲ ಗಾಜಿನ ಜಗುಲಿಗೆ ಕಳಿಸುತ್ತಿದ್ದಳು. ಇಬ್ಬರು ನಿಂತರೆ ತುಂಬಿಹೋಗುವಷ್ಟು ಜಾಗ. ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತದೆ ಅಂತ ಅವನಿಗೂ ಪಾಲ್‌ಗೂ ಅದೇ ಇಷ್ಟವಾಯ್ತು. ಗಿಟಾರ್ ಎಲ್ಲಾ ಸರಿ ಜಾನ್, ಆದರೆ ಅದು ಹೊಟ್ಟೆ ತುಂಬಿಸೋದಿಲ್ಲ ಅಂತ ಅವಳು ಹೇಳುತ್ತಿದ್ದಳಂತೆ. ನಮ್ಮ ಜೊತೆ ಬಂದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಗಂಡ ತೀರಿಕೊಂಡ ಮೇಲೂ ಮನೆಯಲ್ಲಿ ಓದುವ ಹುಡುಗರನ್ನು ಬಾಡಿಗೆಗೆ ಇಟ್ಟುಕೊಂಡು ತಂಗಿಯ ಮಗನನ್ನು ಸಾಕಿದ ಹೆಂಗಸು ಅವಳು. ಅವಳ ಭಯ ನನಗೆ ಅರ್ಥವಾಯಿತು.

ಜಾನ್‌ನ ಹೆತ್ತ ತಾಯಿ ಜೂಲಿಯಾ ಹತ್ತಿರದಲ್ಲೇ ಬೇರೆ ಮನೆಯಲ್ಲಿದ್ದಳು. ಮಗನಿಗೆ ಬ್ಯಾಂಜೋ ಹಿಡಿಯಲು ಕಲಿಸಿದವಳು ಅವಳು. 1958ರ ಜುಲೈ 15ರ ರಾತ್ರಿ ಅಕ್ಕನನ್ನು ನೋಡಿಕೊಂಡು ಹೊರಟಳು. ಆ ಮನೆಯ ಮುಂದಿನ ರಸ್ತೆ ದಾಟುವಾಗಲೇ ಕಾರು ಬಡಿಯಿತು. ಜಾನ್‌ಗೆ ಆಗ 17. ಈಗಲೂ ಆ ರಸ್ತೆಯಲ್ಲಿ ಕಾರುಗಳು ಜೋರಾಗಿಯೇ ಓಡುತ್ತವೆ. ಬಸ್ಸು ಹತ್ತುವ ಮೊದಲು ನಾನು ಸ್ವಲ್ಪ ಹೊತ್ತು ಆ ರಸ್ತೆ ನೋಡುತ್ತಾ ನಿಂತಿದ್ದೆ. 2002ರಲ್ಲಿ ಆ ಮನೆಯನ್ನು ಕೊಂಡು ಟ್ರಸ್ಟ್‌ಗೆ ಕೊಟ್ಟವಳು ಜಾನ್‌ನ ಹೆಂಡತಿ ಯೋಕೋ ಓನೋ.

ಅಲ್ಲಿಂದ ಪಾಲ್ ಮನೆ ತುಂಬ ದೂರ ಇಲ್ಲ. ಮಧ್ಯೆ ಒಂದು ಗಾಲ್ಫ್ ಮೈದಾನ ಇದೆ. ಹುಡುಗರು ಗಿಟಾರ್ ಹೊತ್ತುಕೊಂಡು ಅದನ್ನು ದಾಟಿ ಬರುತ್ತಿದ್ದರು.

ಪುಟ್ಟಿ, ನಾನು ನಿನಗೆ ಹೇಳಬೇಕಾದದ್ದು ಈ ಎರಡನೇ ಮನೆಯ ವಿಷಯ.

ಫೋರ್ತ್‌ಲಿನ್ ರಸ್ತೆ, 20ನೇ ನಂಬರ್. ಒಂದಕ್ಕೊಂದು ಅಂಟಿಕೊಂಡಿರುವ ಸಾಲುಮನೆಗಳು. ಎರಡನೇ ಮಹಾಯುದ್ಧದ ನಂತರ ನಗರಸಭೆಯವರು ಬಾಡಿಗೆಗೆ ಕೊಡಲು ಕಟ್ಟಿಸಿದ್ದು. ನಮ್ಮ ಹಳೇ ಕ್ವಾರ್ಟರ್ಸ್ ನೆನಪಾಯಿತು. ಪಾಲ್‌ನ ತಾಯಿ ಮೇರಿ ಹೆರಿಗೆ ಮಾಡಿಸುವ ನರ್ಸ್. ರಾತ್ರಿ ಯಾವ ಹೊತ್ತಿಗೆ ಕರೆ ಬಂದರೂ ಸೈಕಲ್ ಹತ್ತಿ ಹೋಗುವವಳು. ತಂದೆ ಜಿಮ್‌ಗೆ ಹತ್ತಿ ವ್ಯಾಪಾರದ ಕಚೇರಿಯಲ್ಲಿ ಕೆಲಸ. ಸಂಬಳ ಅವಳಿಗೇ ಜಾಸ್ತಿ. ಮಕ್ಕಳು ಒಳ್ಳೆಯ ಕಡೆ ಬೆಳೆಯಬೇಕು ಅಂತ ಅವಳಿಗೆ ಆಸೆ. 1955ರಲ್ಲಿ ಈ ಮನೆಗೆ ಬಂದರು. 1956ರ ಅಕ್ಟೋಬರ್ 31ಕ್ಕೆ ಅವಳು ತೀರಿಹೋದಳು. ಎದೆಯ ಕ್ಯಾನ್ಸರ್. 47 ವರ್ಷ. ಆಸೆಪಟ್ಟು ಬಂದ ಮನೆಯಲ್ಲಿ ಅವಳು ಇದ್ದದ್ದು ಹೆಚ್ಚುಕಮ್ಮಿ ಒಂದು ವರ್ಷ.

ಪಾಲ್‌ಗೆ ಆಗ 14. ನಿನಗೂ ಅಷ್ಟೇ.

ಇದನ್ನು ಗೈಡ್ ಹೇಳಿದ್ದು ಅಡುಗೆಮನೆಯಲ್ಲಿ. ಆಸ್ಪತ್ರೆಗೆ ಹೊರಡುವ ಮೊದಲು ಮೇರಿ ಮನೆಯನ್ನೆಲ್ಲ ಗುಡಿಸಿ ಒರೆಸಿ, ಇಬ್ಬರು ಮಕ್ಕಳ ಸ್ಕೂಲ್ ಬಟ್ಟೆ ತೆಗೆದು ಜೋಡಿಸಿಟ್ಟು ಹೋದಳಂತೆ. ನನಗೆ ಮುಂದಿನ ಮಾತು ಕೇಳಿಸಲೇ ಇಲ್ಲ. ನಿನ್ನ ಅಮ್ಮ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮೂರು ತಿಂಗಳಿಗೆ ಆಗುವಷ್ಟು ಸಾರಿನ ಪುಡಿ, ಹುಳಿಪುಡಿ ಮಾಡಿ ಡಬ್ಬಿಗೆ ತುಂಬಿದ್ದಳು. ಕ್ಯಾಲೆಂಡರ್ ಹಾಳೆ ಹರಿದು ಒಂದೊಂದಕ್ಕೂ ಹೆಸರು ಬರೆದು ಅಂಟಿಸಿದ್ದಳು. ನಾನು ಯಾವುದು ಯಾವುದೆಂದು ಗುರುತು ಹಿಡಿಯಲಾರೆ ಅಂತ. ಆ ಚೀಟಿಗಳು ಇನ್ನೂ ಇವೆ. ಡಬ್ಬಿ ತೊಳೆಯುವಾಗ ನೀರು ತಾಗದ ಹಾಗೆ ನೋಡಿಕೊಳ್ಳುತ್ತೇನೆ. ಮೂಲೆ ಹಳದಿಯಾಗಿದೆ, ಅಕ್ಷರ ಮಾತ್ರ ಚೆನ್ನಾಗಿದೆ.

ಆಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಪಾಲ್‌ನೇ ದೊಡ್ಡವನಾದ ಮೇಲೆ ಹೇಳಿಕೊಂಡದ್ದು. ಅಮ್ಮ ಹೋದಳು ಅಂತ ಗೊತ್ತಾದಾಗ ಅವನ ಬಾಯಿಂದ ಬಂದ ಮಾತು, ಅವಳ ಸಂಬಳ ಇಲ್ಲದೆ ನಾವೀಗ ಏನು ಮಾಡೋದು ಅಂತ. ಎಷ್ಟೋ ವರ್ಷ ಆ ಮಾತಿಗಾಗಿ ಅವನು ನಾಚಿಕೊಂಡ.

ನಿನಗೆ ನೆನಪಿದೆ ಅಂತ ನನಗೆ ಗೊತ್ತು. ಅವತ್ತು ಹಾಲ್ ತುಂಬ ಜನ. ನೀನು ಅಡುಗೆಮನೆ ಬಾಗಿಲ ಹತ್ತಿರ ನಿಂತಿದ್ದೆ. ದಿನಾ ಬೆಳಿಗ್ಗೆ ಅಮ್ಮ ಮಣೆ ಹಾಕಿ ಕೂರಿಸಿಕೊಂಡು ನಿನಗೆ ಎರಡು ಜಡೆ ಹಾಕುತ್ತಿದ್ದದ್ದು ಅಲ್ಲೇ. ನೀನು ಯಾರನ್ನೂ ನೋಡದೆ ಕೇಳಿದೆ, "ಸೋಮವಾರ ನನಗೆ ಜಡೆ ಯಾರು ಹಾಕ್ತಾರೆ?" ಬಂದವರಲ್ಲಿ ಯಾರೋ ಒಬ್ಬರು, "ನೋಡು, ತಾಯಿ ಹೋಗಿದ್ದಾಳೆ, ಇವಳಿಗೆ ಜಡೆ ಚಿಂತೆ" ಅಂದರು. ನೀನು ಬಾಯಿ ಮುಚ್ಚಿಕೊಂಡೆ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದೆ. ನನಗೆ ಎರಡೂ ಮಾತು ಕೇಳಿಸಿತು. ನಾನು ಎದ್ದು ಬರಲಿಲ್ಲ. ಏನೂ ಹೇಳಲಿಲ್ಲ.

ಆ ವಾರವೇ ನೀನು ಕೂದಲು ಕತ್ತರಿಸಿಕೊಂಡು ಬಂದೆ. ಈಗಿನ ಹುಡುಗಿಯರು ಹೀಗೇ ಅಂದುಕೊಂಡು ನಾನು ಪೇಪರ್ ಓದುತ್ತಾ ಕೂತೆ.

ನೀನು ಅವತ್ತು ಹೇಳಿದ್ದರಲ್ಲಿ ತಪ್ಪಿರಲಿಲ್ಲ ಪುಟ್ಟಿ. ಒಂದು ಚೂರೂ ತಪ್ಪಿರಲಿಲ್ಲ. ಅಮ್ಮ ಇಲ್ಲ ಅನ್ನೋದು ನಿನಗೆ ಜಡೆಯಲ್ಲಿ ಗೊತ್ತಾಯಿತು. ಆ ಹುಡುಗನಿಗೆ ಸಂಬಳದಲ್ಲಿ ಗೊತ್ತಾಯಿತು. ನನಗೆ ಯಾವುದರಲ್ಲಿ ಗೊತ್ತಾಯಿತು ಹೇಳಲಾ? ಯಾರಿಗೂ ಹೇಳಿಲ್ಲ ಇದನ್ನ. ಅದೇ ರಾತ್ರಿ ಅವಳ ಫೋಟೋ ಮುಂದೆ ದೀಪ ಉರಿಯುತ್ತಿತ್ತು. ನಾನು ಗೋಡೆಗೆ ಒರಗಿ ಕೂತು ಯೋಚಿಸುತ್ತಿದ್ದದ್ದು ಗ್ಯಾಸ್ ಪುಸ್ತಕ ಎಲ್ಲಿಟ್ಟಿದ್ದಾಳೋ ಅಂತ. ಹಾಲಿನವನಿಗೆ ಎಷ್ಟು ಬಾಕಿ ಇದೆಯೋ ಅಂತ. ನನ್ನ ಮನಸ್ಸಿನಲ್ಲಿ ಇದ್ದದ್ದು ಯಾರಿಗೂ ಕೇಳಿಸಲಿಲ್ಲ. ನಿನ್ನದು ಕೇಳಿಸಿತು. ನೀನು ಚಿಕ್ಕವಳು, ಅದಕ್ಕೇ ಬಾಯಿಗೆ ಬಂತು. ಅಷ್ಟೇ ವ್ಯತ್ಯಾಸ.

ಇದನ್ನು ಅವತ್ತೇ ಹೇಳಬೇಕಿತ್ತು. ಹನ್ನೆರಡು ವರ್ಷ ತಡವಾಯಿತು.

ಆ ಮನೆಯ ಮುಂದಿನ ಕೋಣೆಯಲ್ಲಿ ಪಿಯಾನೋ ಇದೆ. ಜಿಮ್ ಹರೆಯದಲ್ಲಿ ಸ್ವಂತ ಬ್ಯಾಂಡ್ ಕಟ್ಟಿ ಟ್ರಂಪೆಟ್ ಊದಿದವನು, ಪಿಯಾನೋ ನುಡಿಸುತ್ತಿದ್ದವನು. ಗೋಡೆಗೆ ಅಂಟಿಸಿದ ಕಾಗದ ಒಂದೇ ಬಗೆಯದಲ್ಲ, ತುಂಡು ತುಂಡು ತಂದು ಹೊಂದಿಸಿದ್ದು. ನೆಲಹಾಸೂ ಹಾಗೇ. ಮಗನಿಗೆ ಹುಟ್ಟುಹಬ್ಬಕ್ಕೆ ಟ್ರಂಪೆಟ್ ಕೊಡಿಸಿದ್ದ. ಬಾಯಲ್ಲಿ ಟ್ರಂಪೆಟ್ ಇಟ್ಟುಕೊಂಡು ಹಾಡಲು ಆಗುತ್ತಾ? ಮಗ ಅದನ್ನು ಅಂಗಡಿಯಲ್ಲಿ ಕೊಟ್ಟು ಗಿಟಾರ್ ತಂದ. ಎಡಗೈ ಹುಡುಗ, ತಂತಿಗಳನ್ನೆಲ್ಲ ತಿರುಗಾಮುರುಗಾ ಹಾಕಿಕೊಂಡ. ಅಮ್ಮ ಹೋದ ಮೇಲೆ ಅದನ್ನು ಕೈಬಿಡಲೇ ಇಲ್ಲ ಅಂತ ತಮ್ಮ ಮೈಕ್ ನೆನೆದಿದ್ದಾನೆ. ಅವನ ಮೊದಲ ಹಾಡು ಹುಟ್ಟಿದ್ದು ಆ ದಿನಗಳಲ್ಲಿ. ಪುಟ್ಟ ಹುಡುಗಿಯೊಬ್ಬಳನ್ನು ಕಳೆದುಕೊಂಡೆ ಅಂತ ಹಾಡು.

ಆ ತಮ್ಮ ತೆಗೆದ ಫೋಟೋಗಳು ಮನೆಯಲ್ಲಿ ಇವೆ. ಒಂದರಲ್ಲಿ ಜಾನ್, ಪಾಲ್ ಎದುರುಬದುರು ಕೂತು ಗಿಟಾರ್ ಹಿಡಿದಿದ್ದಾರೆ, ನೋಟ್‌ಬುಕ್ ತೆರೆದಿದೆ. ಇಬ್ಬರೂ ಮೊದಲು ಭೇಟಿಯಾದದ್ದು 1957ರ ಜುಲೈ 6ರಂದು, ವೂಲ್ಟನ್ ಚರ್ಚಿನ ಜಾತ್ರೆಯಲ್ಲಿ. ಆಗ ಪಾಲ್ ತಾಯಿ ಇಲ್ಲದವನು. ಮುಂದಿನ ವರ್ಷ ಜಾನ್ ಕೂಡ ಹಾಗಾದ. ಸ್ಕೂಲಿಗೆ ಚಕ್ಕರ್ ಹೊಡೆದು, ಜಿಮ್ ಆಫೀಸಿಗೆ ಹೋದ ಹೊತ್ತಿನಲ್ಲಿ ಈ ಕೋಣೆಗೆ ಬಂದು ಕೂರುತ್ತಿದ್ದರು. ನಮ್ಮ ಊರಿನಲ್ಲಾದರೆ ಉಗಿಯುತ್ತಿದ್ದೆವು. ನನಗೆ ಮಾತ್ರ ಆ ಫೋಟೋ ನೋಡಿ ಸಮಾಧಾನ ಅನ್ನಿಸಿತು. ಒಬ್ಬರ ಮುಂದೆ ಇನ್ನೊಬ್ಬರು ಕೂತಿದ್ದಾರೆ, ವಿವರಿಸಿ ಹೇಳಬೇಕಾದ್ದು ಏನೂ ಇಲ್ಲ.

ಜಿಮ್ ಬಗ್ಗೆ ಇನ್ನೊಂದು ಮಾತು. ಮಕ್ಕಳು ರಾತ್ರಿ ಹಾಸಿಗೆಯಲ್ಲಿ ಹಾಡು ಕೇಳಲಿ ಅಂತ ಕೆಳಗಿನ ರೇಡಿಯೋದಿಂದ ಮೇಲಿನ ರೂಮಿಗೆ ತಂತಿ ಎಳೆದು, ಹೆಡ್‌ಫೋನ್ ಸಿಕ್ಕಿಸಿಕೊಟ್ಟಿದ್ದ. ಅದನ್ನು ಕೇಳಿದಾಗ ನಾನು ತಲೆ ತಗ್ಗಿಸಿದೆ. ನೀನು ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುತ್ತಿದ್ದಾಗ ನಾನು ಹೊರಗಿನಿಂದ ಸೌಂಡ್ ಕಡಿಮೆ ಮಾಡು ಅಂತ ಕೂಗುತ್ತಿದ್ದೆ. ಅದರಲ್ಲಿ ಮದರ್ ಮೇರಿ ಅಂತ ಬರುತ್ತಿತ್ತಲ್ಲ, 'ಲೆಟ್ ಇಟ್ ಬಿ'? ಅದು ಏಸುವಿನ ತಾಯಿಯ ಹಾಡು ಅಂತಲೇ ನಾನು ನಿನ್ನೆಯವರೆಗೂ ತಿಳಿದಿದ್ದೆ. ಆ ಮೇರಿ ಈ ಮೇರಿ. ಸೈಕಲ್ ಹತ್ತಿ ಹೆರಿಗೆ ಮಾಡಿಸಲು ಹೋಗುತ್ತಿದ್ದವಳು. ಹೋಗಿ ಹತ್ತು ವರ್ಷ ದಾಟಿದ ಮೇಲೆ ಮಗನ ಕನಸಿನಲ್ಲಿ ಬಂದು, ಎಲ್ಲಾ ಸರಿಹೋಗುತ್ತೆ, ಬಿಟ್ಟುಬಿಡು ಅಂದಳಂತೆ. 1970ರಲ್ಲಿ ಆ ಹಾಡು ಹೊರಬಂತು. ನಿನಗೆ ಇದು ಆಗಲೇ ಗೊತ್ತಿತ್ತು, ಅಲ್ವಾ? ಬಾಗಿಲ ಆಚೆ ನೀನು ಏನು ಕೇಳುತ್ತಿದ್ದೆ ಅಂತ ನನಗೆ ಮಾತ್ರ ಗೊತ್ತಿರಲಿಲ್ಲ.

ಟೂರ್ ಮುಗಿದು ಎಲ್ಲರೂ ಬಸ್ಸಿನ ಕಡೆ ಹೋದರು. ಸಣ್ಣಗೆ ಮಳೆ. ನಾನು ಕೊನೆಯಲ್ಲಿ ಬಂದೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಆ ಮನೆಯ ಕಿಟಕಿಯೂ ಪಕ್ಕದ ಮನೆಯ ಕಿಟಕಿಯೂ ಒಂದೇ ಥರ. ಪಕ್ಕದ ಮನೆಯಲ್ಲಿ ಯಾರೋ ಸಂಸಾರ ಮಾಡುತ್ತಿದ್ದಾರೆ.

ಇಪ್ಪತ್ತನೇ ತಾರೀಕು ಬೆಳಿಗ್ಗೆ ನನ್ನ ವಿಮಾನ ಬೆಂಗಳೂರಿಗೆ ಬರುತ್ತೆ. ಸೀದಾ ಮೈಸೂರಿಗೆ ಹೋಗೋದಿಲ್ಲ. ನಿನ್ನ ರೂಮಿಗೇ ಬರುತ್ತೇನೆ, ಎರಡು ದಿನ ಇರುತ್ತೇನೆ. ಆಫೀಸಿಗೆ ರಜೆ ಸಿಕ್ಕರೆ ಹಾಕು, ಸಿಗದಿದ್ದರೆ ಸಂಜೆ ಬೇಗ ಬಾ. ಚಿಕ್ಕಮ್ಮ ನಿನಗೆ ಸ್ವೆಟರ್ ಕೊಟ್ಟಿದ್ದಾಳೆ.

ಆಮೇಲೆ ಒಂದು ಕೇಳಬೇಕು. ಅಮ್ಮ ಹೋದದ್ದಕ್ಕಿಂತ ಪಕ್ಕದ ರೂಮಿನಲ್ಲಿ ಅಪ್ಪ ಅಳುವುದನ್ನು ಕೇಳಿದ್ದೇ ತನಗೆ ಹೆಚ್ಚು ಕಷ್ಟವಾಯಿತು ಅಂತ ಪಾಲ್ ಹೇಳಿದ್ದಾನೆ. ಆ ವರ್ಷ ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನೀರಿನ ಸದ್ದಿನಲ್ಲಿ ನಿನಗೆ ಗೊತ್ತಾಗೋದಿಲ್ಲ ಅಂದುಕೊಂಡಿದ್ದೆ. ನಿನಗೆ ಕೇಳಿಸುತ್ತಿತ್ತಾ? ಮೆಸೇಜಿನಲ್ಲಿ ಬರೆಯಬೇಡ. ನಾನು ಬಂದ ಮೇಲೆ ಹೇಳು.

ನಿನ್ನ
ಅಪ್ಪ