ಶ್ರೀರಂಗಪಟ್ಟಣ: ಕೋಟೆ ನಡಿಗೆ ಮತ್ತು ದೋಣಿ ವಿಹಾರ ಇನ್ನು ಒಂದೇ ಟಿಕೆಟ್‌ನಲ್ಲಿ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ನವೆಂಬರ್ ತಿಂಗಳ ಮೊದಲ ಭಾನುವಾರದಿಂದ ನಮ್ಮ ಶ್ರೀರಂಗಪಟ್ಟಣದ ಕೋಟೆ ನಡಿಗೆ ಮತ್ತು ರಂಗನತಿಟ್ಟು ಪಕ್ಷಿಧಾಮದ ದೋಣಿ ವಿಹಾರ ಎರಡೂ ಸೇರಿ ಒಂದು ದಿನದ, ಒಂದು ಟಿಕೆಟ್‌ನ ಕಾರ್ಯಕ್ರಮವಾಗುತ್ತವೆ. ಇಲ್ಲಿಯವರೆಗೆ ಇವು ಬೇರೆ ಬೇರೆ ಭಾನುವಾರ ನಡೆಯುತ್ತಿದ್ದವು. ನಡಿಗೆಗೆ ಬಂದವರು ಹೊಳೆಯನ್ನು ದೂರದಿಂದ ನೋಡಿ ಬಸ್ಸು ಹತ್ತುತ್ತಿದ್ದರು, ದೋಣಿಗೆ ಬಂದವರು ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಿದ್ದರು. ಶನಿವಾರ ಬೆಳಗಿನ ಬೆಂಗಳೂರು ಕೋಟೆ–ಪೇಟೆ ನಡಿಗೆ ಎಂದಿನಂತೆಯೇ ಇರುತ್ತದೆ. ಅದರ ಹೊತ್ತು, ದರ, ದಾರಿ ಯಾವುದೂ ಬದಲಾಗಿಲ್ಲ.

ಸೇರಿಸಿದ್ದು ಏಕೆ ಎಂಬುದನ್ನು ಮೊದಲು ಹೇಳುತ್ತೇವೆ. ಶ್ರೀರಂಗಪಟ್ಟಣ ದ್ವೀಪ. ಊರಿನ ಪಶ್ಚಿಮಕ್ಕೆ ಕಾವೇರಿ ಎರಡು ಕವಲಾಗಿ, ಪೂರ್ವದ ಸಂಗಮದಲ್ಲಿ ಮತ್ತೆ ಕೂಡುತ್ತದೆ. ಕೋಟೆಯನ್ನು ಕಟ್ಟಿದವರು ಕಲ್ಲನ್ನು ನಂಬಿದಷ್ಟೇ ನೀರನ್ನೂ ನಂಬಿದ್ದರು. ಹಾಗಾಗಿ ಹೊಳೆಯನ್ನು ಬಿಟ್ಟು ಗೋಡೆಯನ್ನು ಮಾತ್ರ ನೋಡಿದರೆ ಅರ್ಧ ಸಂಗತಿ ತಿಳಿಯುವುದೇ ಇಲ್ಲ. ಶನಿವಾರದ ನಡಿಗೆಗೆ ಬಂದವರಿಗೆ 1791ರ ಮಾರ್ಚ್ 21 ನೆನಪಿರಬಹುದು. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿದ ದಿನ ಅದು. ಅದೇ ಸೈನ್ಯ ಮೇ ಮಧ್ಯದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದು ಅರಕೆರೆಯ ಬಳಿ ಕಾದಾಡಿ ಗೆದ್ದಿತು. ಗೆದ್ದರೂ ಪ್ರಯೋಜನವಾಗಲಿಲ್ಲ. ಮಳೆ ಹಿಡಿಯಿತು, ಕಾವೇರಿ ತುಂಬಿತು, ದವಸ ಮುಗಿಯಿತು, ಎತ್ತುಗಳು ಸತ್ತವು. ಎಳೆದು ತಂದಿದ್ದ ದೊಡ್ಡ ತೋಪುಗಳನ್ನು ತಾವೇ ನಾಶಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿ ಮುತ್ತಿಗೆ ಹಾಕಿದ ಬ್ರಿಟಿಷರು ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಸಲೇಬೇಕೆಂಬ ಲೆಕ್ಕದಲ್ಲಿದ್ದರು. ಮೇ 4ರ ಮಧ್ಯಾಹ್ನ, ಬೇಸಿಗೆಯ ತಳಮಟ್ಟದ ನೀರಿನಲ್ಲಿ ಬಂಡೆಗಳ ನಡುವೆ ಕಾಲ್ನಡಿಗೆಯಲ್ಲೇ ಹೊಳೆ ದಾಟಿ, ಪಶ್ಚಿಮದ ಗೋಡೆಯಲ್ಲಿ ತೋಪು ಹೊಡೆದು ಮಾಡಿದ್ದ ಬಿರುಕಿನಿಂದ ಒಳನುಗ್ಗಿದರು. ಕಾವೇರಿಯ ತಳ ಎಂಥದು, ಬಂಡೆಗಳ ಮಧ್ಯೆ ನೀರು ಎಲ್ಲಿ ಮೊಣಕಾಲಿನವರೆಗೆ ಬಂದು ಎಲ್ಲಿ ಸೆಳೆತವಾಗುತ್ತದೆ ಎಂಬುದು ದಡದ ಮೇಲೆ ನಿಂತವರಿಗೆ ಕಾಣುವುದಿಲ್ಲ. ದೋಣಿಯಲ್ಲಿ ನೀರಿನ ಮಟ್ಟಕ್ಕೇ ಕೂತು ಬಂದವರಿಗೆ ಕೋಟೆಯ ಪಶ್ಚಿಮ ತುದಿಯ ಸ್ಮಾರಕ ಕಂಬದ ಹತ್ತಿರ ನಾವು ಹೆಚ್ಚು ವಿವರಿಸುವ ಅಗತ್ಯವೇ ಬರುವುದಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ನಂಟೂ ಇದೆ. ಇಲ್ಲಿ ಹರಿಯುವ ನೀರು ಮುಂದೆ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಶಿವ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿಂದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ, ನಮ್ಮ ನಲ್ಲಿಗಳಿಗೆ ಬರುತ್ತದೆ.

ಇನ್ನು ದಿನದ ಕ್ರಮ. ಇಡೀ ವರ್ಷಕ್ಕೆ ಒಂದೇ ವೇಳಾಪಟ್ಟಿ ಈ ಜಾಗಕ್ಕೆ ಒಗ್ಗುವುದಿಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ದೋಣಿ ಮೊದಲು, ನಡಿಗೆ ಆಮೇಲೆ. ಬೆಳಿಗ್ಗೆ 5.30ಕ್ಕೆ ಮೈಸೂರು ರಸ್ತೆ ಸ್ಯಾಟಲೈಟ್ ಬಸ್ ನಿಲ್ದಾಣದ ಹೊರಗಿನಿಂದ ನಮ್ಮ ಮಿನಿ ಬಸ್ ಹೊರಡುತ್ತದೆ, 5.50ಕ್ಕೆ ಕೆಂಗೇರಿಯಲ್ಲಿ ಐದು ನಿಮಿಷ ನಿಲ್ಲುತ್ತದೆ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುವುದರಿಂದ ಅದನ್ನು ನಂಬಿಕೊಳ್ಳಬೇಡಿ. ಎಕ್ಸ್‌ಪ್ರೆಸ್‌ವೇ ಊರುಗಳ ಹೊರಗಿನಿಂದಲೇ ಹಾದುಹೋಗುತ್ತದೆ. ನಡುವೆ ಶೌಚಾಲಯಕ್ಕೆ ನಿಲ್ಲಲು ಜಾಗ ಕಡಿಮೆ, ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ತಿಂಡಿ ಶ್ರೀರಂಗಪಟ್ಟಣದಲ್ಲಿ. ಅಲ್ಲಿಂದ ರಂಗನತಿಟ್ಟು ನಾಲ್ಕು ಕಿಲೋಮೀಟರ್‌ನಷ್ಟು. ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೆ ನಾವು ಸಾಲಿನಲ್ಲಿರಬೇಕು, ಏಕೆಂದರೆ ಭಾನುವಾರ ಹನ್ನೊಂದರ ನಂತರ ಸಾಲು ಬಹಳ ಬೆಳೆಯುತ್ತದೆ. ಬೆಳಗಿನ ಹೊತ್ತು ಗಾಳಿಯೂ ಕಡಿಮೆ, ನೀರು ಅಲುಗದೆ ಇರುತ್ತದೆ. ಹತ್ತೂವರೆಗೆ ಕೋಟೆಗೆ ಬಂದು ನಡಿಗೆ, ಒಂದೂಕಾಲಿಗೆ ಊಟ, ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಮತ್ತು ಸಂಗಮ, ಐದಕ್ಕೆ ವಾಪಸು. ಈ ಕ್ರಮದಲ್ಲಿ ನೀವು ಹೊಳೆ ಹರಿಯುವ ದಿಕ್ಕಿನಲ್ಲೇ ಮೇಲಿನಿಂದ ಕೆಳಕ್ಕೆ ಬರುತ್ತೀರಿ.

ಮಾರ್ಚ್‌ನಿಂದ ಮೇವರೆಗೆ ತಿರುಗುಮುರುಗು. ಬಸ್ 4.45ಕ್ಕೇ ಹೊರಡುತ್ತದೆ, ಏಳಕ್ಕೆ ಕೋಟೆ ನಡಿಗೆ ಶುರು, ಒಂಬತ್ತೂಮುಕ್ಕಾಲಿಗೆ ಮುಕ್ತಾಯ. ಬೇಸಿಗೆಯಲ್ಲಿ ಹತ್ತರ ನಂತರ ಕೋಟೆಯ ಗೋಡೆಯ ಮೇಲೆ ನಡೆಸುವುದು ತಪ್ಪು, ನೆರಳೇ ಇಲ್ಲ. ದೋಣಿಗೆ ಹತ್ತೂವರೆ. ‘ಅಷ್ಟು ಹೊತ್ತಿಗೆ ಹಕ್ಕಿ ಸಿಗುತ್ತವೆಯೇ?’ ಎಂದು ಕೆಲವರು ಕೇಳಿದ್ದಾರೆ. ಬೇಸಿಗೆಯಲ್ಲಿ ಗೂಡಿನಲ್ಲಿ ಮರಿಗಳಿರುತ್ತವೆ, ತಾಯಿತಂದೆ ಎಲ್ಲಿಗೂ ದೂರ ಹೋಗುವುದಿಲ್ಲ. ಬಣ್ಣದ ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅರೆಬಿಚ್ಚಿ, ಮರಿಗಳ ಮೇಲೆ ನೆರಳು ಹಿಡಿದು ನಿಂತಿರುವುದು ಕಾಣಸಿಗುವುದು ಬಿಸಿಲೇರಿದ ಮೇಲೆಯೇ. ನಮ್ಮ ಅಭಿಪ್ರಾಯದಲ್ಲಿ ಇಡೀ ವರ್ಷದಲ್ಲಿ ಅತ್ಯುತ್ತಮ ನೋಟ ಅದು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಜಂಟಿ ಟಿಕೆಟ್ ಮಾರುವುದಿಲ್ಲ. ನಡಿಗೆ ಮಾತ್ರ ಇರುತ್ತದೆ. ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಅರಣ್ಯ ಇಲಾಖೆ ದೋಣಿ ನಿಲ್ಲಿಸುತ್ತದೆ, ನಿಲ್ಲಿಸಲೇಬೇಕು. ಆ ತಿಂಗಳುಗಳಲ್ಲಿ ಮುಂಗಡ ಹಣ ಪಡೆದು ಕೊನೆಗಳಿಗೆಯಲ್ಲಿ ಇಲ್ಲ ಎನ್ನುವುದು ನಮಗೆ ಸರಿ ಕಾಣುವುದಿಲ್ಲ. ನವೆಂಬರಿನಲ್ಲೂ ಒಮ್ಮೊಮ್ಮೆ ಹೀಗಾಗಬಹುದು. ನೀವೇ ಅಂದಾಜು ಮಾಡಬೇಕೆಂದರೆ ದಿನಪತ್ರಿಕೆಯ ಜಲಾಶಯ ಮಟ್ಟದ ಕೋಷ್ಟಕ ನೋಡಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಆದರೆ ಮಟ್ಟವೊಂದನ್ನೇ ನೋಡಿ ಹೆದರಬೇಡಿ. ಕಟ್ಟೆ ಪೂರ್ತಿ ತುಂಬಿದ್ದು ಒಳಹರಿವು ಕಡಿಮೆಯಿದ್ದರೆ ಕೆಳಗೆ ಹೊಳೆ ಶಾಂತವಾಗಿಯೇ ಇರುತ್ತದೆ. ಕಟ್ಟೆ ತುಂಬಿದ್ದು ಒಳಹರಿವೂ ಏರುತ್ತಿದ್ದರೆ ಬಂದ ನೀರನ್ನೆಲ್ಲ ಬಿಡದೆ ವಿಧಿಯಿಲ್ಲ. ನೋಡಬೇಕಾದ ಅಂಕಿ ಹೊರಹರಿವಿನದು.

ದೋಣಿಯ ಬಗ್ಗೆ ತಪ್ಪು ನಿರೀಕ್ಷೆ ಬೇಡ. ಇದು ಹುಟ್ಟು ಹಾಕುವ ದೋಣಿ. ಎಂಜಿನ್ ಇಲ್ಲ, ಊಟ ತಿಂಡಿ ಇಲ್ಲ, ಸಂಗೀತವಂತೂ ಇಲ್ಲವೇ ಇಲ್ಲ. ನಡೆಸುವುದು ಅರಣ್ಯ ಇಲಾಖೆ. ನಾವು ಅವರ ಟಿಕೆಟ್ ಪಡೆದು ಕೂರುವವರು ಮಾತ್ರ. ಸಾಮಾನ್ಯ ಸುತ್ತು ಕಾಲು ಗಂಟೆಯ ಆಸುಪಾಸು. ಚಿಕ್ಕದಾಯಿತು ಅನ್ನಿಸಬಹುದು, ಆದರೆ ಹಕ್ಕಿಗಳು ಅಷ್ಟು ಹತ್ತಿರದಲ್ಲಿರುವಾಗ ಆ ಹೊತ್ತು ಸಾಕಾಗುತ್ತದೆ. ಇಲ್ಲಿನ ತಿಟ್ಟುಗಳು, ಅಂದರೆ ಹೊಳೆ ನಡುವಿನ ಸಣ್ಣ ದ್ವೀಪಗಳು, ಉಂಟಾದದ್ದು 17ನೇ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು.

ಹತ್ತುವ ಮೊದಲು ಲೈಫ್ ಜಾಕೆಟ್‌ನ ಎಲ್ಲ ಬಕಲ್‌ಗಳನ್ನೂ ಹಾಕಿ. ಕೊರಳಿಗೆ ತಗುಲಿಸಿಕೊಂಡು ಬಿಟ್ಟರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಜಾರಿ ಮುಖಕ್ಕೆ ಬರುತ್ತದೆ, ಮನುಷ್ಯ ಕೆಳಗೆ ಉಳಿಯುತ್ತಾನೆ. ಒಬ್ಬೊಬ್ಬರಾಗಿ ನಡುವಿಗೆ ಕಾಲಿಟ್ಟು ಹತ್ತಿ. ಮೊಸಳೆ ಕಂಡಾಗ ಎಲ್ಲರೂ ಒಂದೇ ಬದಿಗೆ ವಾಲುವುದೇ ಈ ವಿಹಾರದಲ್ಲಿ ದೊಡ್ಡ ಅಪಾಯ. ಮೊಸಳೆಗಳು ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುತ್ತವೆ, ಓಡಿಹೋಗುವುದಿಲ್ಲ, ಅಂಬಿಗರು ಎರಡೂ ಬದಿಗೆ ಕಾಣುವಂತೆ ತಿರುಗಿಸುತ್ತಾರೆ. ಕೂತೇ ಇರಿ, ಕೈ ನೀರಿಗೆ ಇಳಿಬಿಡಬೇಡಿ. ದುರ್ಬೀನು ತರುವವರು 8 ಪಟ್ಟಿನದು ತನ್ನಿ; 10 ಅಥವಾ 12 ಪಟ್ಟಿನದು ಅಲುಗುವ ದೋಣಿಯಲ್ಲಿ ಚಿತ್ರವನ್ನು ನಿಲ್ಲಗೊಡುವುದಿಲ್ಲ. ಉದ್ದ ಲೆನ್ಸಿನ ಕ್ಯಾಮೆರಾಗೆ ಇಲಾಖೆಯ ಶುಲ್ಕ ಬೇರೆ, ಅದು ನಮ್ಮ ಟಿಕೆಟ್‌ನಲ್ಲಿ ಸೇರಿಲ್ಲ. ಮರದ ತುದಿಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಚಮಚಕೊಕ್ಕು ಎಲ್ಲರ ಕಣ್ಣಿಗೂ ಬೀಳುತ್ತವೆ. ಬಂಡೆಗಳ ಚಾಚಿನ ಅಡಿಗೂ ಒಮ್ಮೆ ನೋಡಿ, ಕವಲುತೋಕೆಗಳು ಸಾಲಾಗಿ ಅಂಟಿಸಿದ ಮಣ್ಣಿನ ಗೂಡುಗಳು ಅಲ್ಲಿರುತ್ತವೆ.

ನಡಿಗೆ ಸುಮಾರು ನಾಲ್ಕು ಕಿಲೋಮೀಟರ್, ನಿಂತು ನೋಡುವುದೂ ಸೇರಿ ಎರಡೂಮುಕ್ಕಾಲು ಗಂಟೆ. ಎರಡು ಮಿನಾರುಗಳ ಜಾಮಿಯಾ ಮಸೀದಿಯಿಂದ ಹೊರಟು, ಟಿಪ್ಪುವಿನ ದೇಹ ಸಿಕ್ಕಿದ ಜಾಗ, ನೀರು ಬಾಗಿಲು, ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆ, ಪಶ್ಚಿಮದ ಬಿರುಕು, ಕೊನೆಗೆ ರಂಗನಾಥಸ್ವಾಮಿ ದೇವಸ್ಥಾನ. ಸೆರೆಮನೆಯಲ್ಲಿ ಚಾವಣಿ ಒಡೆದು ಒಳಗೆ ಬಿದ್ದ ತೋಪು ಇಂದಿಗೂ ಹಾಗೆಯೇ ಇದೆ. ಕಮಾನಿನ ಕೆಳಗೆ ದನಿ ಪ್ರತಿಧ್ವನಿಸುವುದರಿಂದ ಅಲ್ಲಿನ ವಿವರಣೆಯನ್ನು ಹೊರಗಿನ ಮೆಟ್ಟಿಲ ಮೇಲೆಯೇ ಮುಗಿಸಿ ಒಳಗೆ ಸುಮ್ಮನೆ ನೋಡಲು ಬಿಡುತ್ತೇವೆ. ರೈಲು ನಿಲ್ದಾಣದ ಬದಿಯಲ್ಲಿ, ಜೋಡಿ ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಸರಿಸಿದ ಟಿಪ್ಪು ಕಾಲದ ಮದ್ದುಗುಂಡಿನ ಮನೆಯನ್ನೂ ಸೇರಿಸಿಕೊಂಡಿದ್ದೇವೆ. ಎಂಜಿನಿಯರುಗಳು ಕೇಳುವ ಪ್ರಶ್ನೆಗಳಿಂದ ಇಲ್ಲಿ ಹತ್ತು ನಿಮಿಷ ಹೆಚ್ಚೇ ಹೋಗುತ್ತದೆ, ಹೋಗಲಿ.

ದೇವಸ್ಥಾನವನ್ನು ಚಳಿಗಾಲದಲ್ಲಿ ಕೊನೆಗಿಟ್ಟರೂ ಮಧ್ಯಾಹ್ನ ಬಾಗಿಲು ಹಾಕುವ ಮೊದಲು ತಲುಪುವ ಲೆಕ್ಕವಿದೆ. ಅಂದರೆ ಹತ್ತೂವರೆಗೆ ನಡಿಗೆ ಶುರುವಾಗಲೇಬೇಕು, ತಡವಾದವರಿಗಾಗಿ ಕಾಯುವುದಿಲ್ಲ. ಕಲ್ಲುಹಾಸು ಬಿಸಿಯಾಗುತ್ತದೆ, ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ಗೋಡೆಯ ಮೇಲಿನ ದಾರಿಯಲ್ಲಿ ಇಟ್ಟಿಗೆ ಸಡಿಲವಾಗಿರುವ ಕಡೆ ನಮ್ಮವರು ಮುಂದೆ ನಡೆಯುತ್ತಾರೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಕೊಡೆಗಿಂತ ಟೋಪಿ ಮೇಲು, ಕಿರಿದಾದ ಕಡೆ ಕೊಡೆ ಹಿಂದಿನವರ ಕಣ್ಣಿಗೆ ತಾಗುತ್ತದೆ. ಸಂಕ್ರಾಂತಿ, ರಥಸಪ್ತಮಿ, ವೈಕುಂಠ ಏಕಾದಶಿಗೆ ತಗುಲಿದ ಭಾನುವಾರಗಳಲ್ಲಿ ಕಾರ್ಯಕ್ರಮವಿಲ್ಲ. ಆ ದಿನಗಳು ಭಕ್ತರವು.

ಸಂಗಮದಲ್ಲಿ ತೆಪ್ಪದವರು ಕರೆಯುತ್ತಾರೆ. ತೆಪ್ಪ ಹತ್ತುವುದು ನಮ್ಮ ಕಾರ್ಯಕ್ರಮದ ಭಾಗವಲ್ಲ. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬೇಡಿ ಎಂದು ಕೈಮುಗಿದು ಕೇಳುತ್ತೇವೆ. ಎರಡು ಕವಲು ಕೂಡುವಲ್ಲಿ ಮೇಲೆ ಸಮತಟ್ಟಾಗಿ ಕಂಡರೂ ಕೆಳಗೆ ಸೆಳೆತವಿರುತ್ತದೆ, ಬಂಡೆಯ ಪಕ್ಕದಲ್ಲೇ ಗುಂಡಿಯಿರುತ್ತದೆ. ಮೆಟ್ಟಿಲ ಮೇಲೆ ಕಾಲು ನೆನೆಸಿಕೊಂಡರೆ ಸಾಕು.

ಗುಂಪಿನ ಗಾತ್ರವನ್ನು 25ರಿಂದ 16ಕ್ಕೆ ಇಳಿಸಿದ್ದೇವೆ. ಹದಿನಾರು ಜನ ಎರಡು ದೋಣಿಗೆ ಹಂಚಿಹೋಗುತ್ತಾರೆ, ನಮ್ಮ ಇಬ್ಬರು ಮಾರ್ಗದರ್ಶಕರು ಒಂದೊಂದರಲ್ಲಿ ಇರಬಹುದು. ಮೂರನೇ ದೋಣಿಯಾದರೆ ಅದರಲ್ಲಿರುವವರಿಗೆ ಹೇಳುವವರೇ ಇರುವುದಿಲ್ಲ. ಜನ ಕಡಿಮೆಯಾದಾಗ ತಲೆಗೆ ಬೀಳುವ ಬಸ್ಸಿನ ಖರ್ಚು ಏರುತ್ತದೆ, ದರ ಏರಿರುವುದಕ್ಕೆ ಮುಖ್ಯ ಕಾರಣ ಅದೇ. ಹೊಸ ದರ ಒಬ್ಬರಿಗೆ 2,400 ರೂಪಾಯಿ; 12 ವರ್ಷದೊಳಗಿನ ಮಕ್ಕಳಿಗೆ 1,500. ಬಸ್ಸು, ತಿಂಡಿ, ಬಾಳೆಎಲೆ ಊಟ, ಪ್ರವೇಶ ಶುಲ್ಕ, ದೋಣಿ ಎಲ್ಲ ಸೇರಿದೆ. ಐದು ವರ್ಷದೊಳಗಿನ ಮಕ್ಕಳನ್ನು ಈ ಕಾರ್ಯಕ್ರಮಕ್ಕೆ ಕರೆತರಬೇಡಿ, ದಿನ ಬಹಳ ಉದ್ದ. ಮಂಡಿನೋವಿನ ಹಿರಿಯರು ದೋಣಿ, ದರಿಯಾ ದೌಲತ್, ಸಂಗಮ ನೋಡಿ ನಡಿಗೆಯ ಹೊತ್ತು ಬಸ್ಸಿನಲ್ಲೋ ದೇವಸ್ಥಾನದಲ್ಲೋ ಇರಬಹುದು, ಮೊದಲೇ ತಿಳಿಸಿ.

ಅಂದು ದೋಣಿ ನಿಂತುಹೋದರೆ ದೋಣಿಯ ಪಾಲು 400 ರೂಪಾಯಿಯನ್ನು ಮೂರು ದಿನದೊಳಗೆ ಹಿಂದಿರುಗಿಸುತ್ತೇವೆ. ಆ ಹೊತ್ತಿನಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಉತ್ತರದ ಕವಲಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ದಡದಿಂದ ತೋರಿಸುತ್ತೇವೆ. ಕಂಬ, ತೊಲೆ, ಹಾಸು ಎಲ್ಲವೂ ಕಲ್ಲಿನ ಆ ಸೇತುವೆ ಎಷ್ಟು ಪ್ರವಾಹ ತಡೆದಿದೆ ಎಂಬುದು ಹೊಳೆ ಏರಿದ ದಿನವೇ ಸರಿಯಾಗಿ ತಿಳಿಯುತ್ತದೆ. ಅದಾದ ಮೇಲೆ ಟಿಪ್ಪುವಿನ ಸಮಾಧಿಯಿರುವ ಗುಂಬಜ್‌ನಲ್ಲಿ ಹೆಚ್ಚು ಹೊತ್ತು.

ಈಗಾಗಲೇ ಹಳೆಯ ನಡಿಗೆಗೋ ದೋಣಿಗೋ ಹಣ ಕಟ್ಟಿರುವವರು ಮೂರರಲ್ಲಿ ಒಂದನ್ನು ಆರಿಸಿ: ಹೆಚ್ಚಿನ ಮೊತ್ತ ಸೇರಿಸಿ ಜಂಟಿ ಕಾರ್ಯಕ್ರಮಕ್ಕೆ ಬರುವುದು, ಅದೇ ಹಣಕ್ಕೆ ಜೂನ್ ನಂತರದ ನಡಿಗೆಗೆ ಬರುವುದು, ಅಥವಾ ಪೂರ್ತಿ ಹಣ ವಾಪಸು ಪಡೆಯುವುದು. ಅಕ್ಟೋಬರ್ 20ರೊಳಗೆ, ನೀವು ಬುಕಿಂಗ್ ಮಾಡಿದ ಅದೇ ವಾಟ್ಸ್ಆ್ಯಪ್ ಸಂಖ್ಯೆಗೆ ಹೆಸರು ಮತ್ತು ರಸೀದಿ ಸಂಖ್ಯೆ ಕಳುಹಿಸಿ. ಉತ್ತರ ಬಾರದಿದ್ದವರಿಗೆ ನಾವೇ ಕರೆ ಮಾಡುತ್ತೇವೆ.

ವಂದನೆಗಳೊಂದಿಗೆ,
ನಡಿಗೆ ತಂಡದ ಮಾರ್ಗದರ್ಶಕರು
ಬೆಂಗಳೂರು